ಚರಿತ್ರೆಗೆ ಇಳಿಯುವ ದಾರಿ

"ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಬೆಲ್ಲೂ ಇಲ್ಲ. ಇದ್ಯಾತರ ಸೈಕಲ್ಲಪ್ಪ?"

ಸಂಕ್ರಾಂತಿಯ ಮಾರನೆಯ ದಿನ, ಬೆಳಗಿನ ಏಳೂವರೆ. ನಂಜನಗೂಡಿನ ಟೀ ಅಂಗಡಿಯೊಂದರ ಮುಂದೆ ತಲೆಗೆ ಟವೆಲ್ ಸುತ್ತಿಕೊಂಡ ಹಿರಿಯರೊಬ್ಬರು ನನ್ನ ಸೈಕಲ್ಲನ್ನು ಸಂತೆಗೆ ಬಂದ ಹೋರಿಯ ಹಾಗೆ ಸುತ್ತು ಹಾಕಿ ನೋಡುತ್ತಿದ್ದರು. ಟೈರನ್ನು ಹೆಬ್ಬೆರಳಿನಿಂದ ಒತ್ತಿದರು. ಸೀಟಿನ ಅಗಲವನ್ನು ಅಂಗೈಯಲ್ಲಿ ಅಳೆದು, ಮುಖ ಎತ್ತಿ ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಬಂದೇ ಬರುವ ಪ್ರಶ್ನೆ ಬಂತು: "ಎಷ್ಟ್ ಕೊಟ್ಟೆ ಇದಕ್ಕೆ?" ನಿಜವಾದ ಬೆಲೆಯಲ್ಲಿ ಅರ್ಧ ಹೇಳಿದೆ. "ಅಷ್ಟ್ ದುಡ್ಡಿಗೆ ಒಂದು ಸೀಮೆಹಸನೇ ಬತ್ತಿತ್ತಲ್ಲಪ್ಪ" ಎಂದರು.

ರೋಡ್ ಬೈಕ್ ಎಂದು ಕರೆಸಿಕೊಳ್ಳುವ ಈ ಸೈಕಲ್ಲು ಹಗುರವಾಗಿರಬೇಕು. ಅದಕ್ಕೆಂದೇ ಹೊರೆ ಹೊರುವ, ತಾನಾಗಿ ನಿಲ್ಲುವ ಅಂಗಗಳನ್ನೆಲ್ಲ ತೆಗೆದುಬಿಟ್ಟಿರುತ್ತಾರೆ. ಹಾಗಾಗಿ ನಿಂತಾಗಲೆಲ್ಲ ಇದನ್ನು ಗೋಡೆಗೋ, ಜಗಲಿಗೋ, ಬೇವಿನ ಮರಕ್ಕೋ ಒರಗಿಸಲೇಬೇಕು. ಒರಗಿಸಿದ ಗೋಡೆಗೆ ಯಾರಾದರೂ ಯಜಮಾನರು ಇದ್ದೇ ಇರುತ್ತಾರೆ. ಮಾತು ಅಲ್ಲಿಂದ ಶುರುವಾಗುತ್ತದೆ. ಮೈಸೂರಿನಿಂದ ನಂಜನಗೂಡಿಗೆ, ಅಲ್ಲಿಂದ ತಿರುಮಕೂಡಲು ನರಸೀಪುರ, ತಲಕಾಡು, ಸೋಮನಾಥಪುರ, ಬನ್ನೂರು ಸುತ್ತಿ ಮೈಸೂರಿಗೆ ಮರಳುವ ಎರಡು ದಿನಗಳ, ಸುಮಾರು 140 ಕಿಲೋಮೀಟರುಗಳ ಸವಾರಿಯಲ್ಲಿ ನಾನು ಕಲಿತದ್ದರಲ್ಲಿ ಅರ್ಧ ಈ ಒರಗಿಸಿದ ಜಾಗಗಳಲ್ಲಿ ಸಿಕ್ಕಿದ್ದು. ಉಳಿದರ್ಧವನ್ನು ಕಲಿಸಿದ್ದು ನನ್ನ ಮೊಣಕಾಲು.

ಬೆಟ್ಟದ ಮೇಲಿನ ಊರುಗಳು

ಈ ಹುಚ್ಚು ಹತ್ತಿದ್ದು ಇಟಲಿಯಿಂದ. ಹಾಗೆಂದರೆ, ಫೋನಿನಲ್ಲಿ ನೋಡಿದ ಇಟಲಿಯಿಂದ. ಟಸ್ಕನಿ ಪ್ರಾಂತ್ಯದ ದ್ರಾಕ್ಷಿ ತೋಟಗಳು, ಆಲಿವ್ ಗುಡ್ಡಗಳು, ಅವುಗಳ ನಡುವೆ ಹಾವಿನಂತೆ ಹೊರಳುವ ಬಿಳಿ ಮಣ್ಣಿನ ದಾರಿಗಳು, ಗುಡ್ಡದ ನೆತ್ತಿಯಲ್ಲಿ ಕೋಟೆಗೋಡೆಯೊಳಗೆ ಕೂತ ಹಳೆಯ ಕಲ್ಲಿನ ಊರುಗಳು. ಸ್ಯಾನ್ ಜಿಮಿನ್ಯಾನೊ ಎಂಬ ಊರಿನಲ್ಲಿ ಮಧ್ಯಯುಗದ 14 ಕಲ್ಲಿನ ಗೋಪುರಗಳು ಇಂದಿಗೂ ನಿಂತಿವೆ. ಅಲ್ಲಿಯ ಸೈಕಲ್ ಸವಾರರಿಗೆ ಊರು ಎಂದರೆ ಏರು. ಹಿಂದಿನವರು ದಾಳಿಕೋರರ ಭಯಕ್ಕೆ, ಕಣಿವೆಯ ಮಲೇರಿಯಾದ ಭಯಕ್ಕೆ ಮೇಲೆ ಹೋಗಿ ಮನೆ ಕಟ್ಟಿಕೊಂಡರು. ಇಂದಿನವರು ಅದನ್ನು ನೋಡಲು ನಾಲಿಗೆ ಹೊರಹಾಕಿಕೊಂಡು ಹತ್ತುತ್ತಾರೆ.

ಸೈಕಲ್ಲಿನ ಮೇಲೆ ಅವರಿಗಿರುವ ಭಕ್ತಿಯೂ ಸಣ್ಣದಲ್ಲ. 1909ರಲ್ಲಿ ಶುರುವಾದ ಜಿರೊ ದಿ'ಇಟಾಲಿಯಾ ಪಂದ್ಯ ಅವರಿಗೊಂದು ಜಾತ್ರೆ. ಕೋಮೊ ಸರೋವರದ ಬಳಿಯ ಘಿಸಲ್ಲೊ ಗುಡ್ಡದ ಮೇಲೆ ಒಂದು ಪುಟ್ಟ ಚರ್ಚಿದೆ. ಅಲ್ಲಿಯ ಮೇರಿ ಮಾತೆಯನ್ನು 1949ರಲ್ಲಿ ಪೋಪ್ ಸೈಕಲ್ ಸವಾರರ ಕಾವಲಿನ ದೇವತೆಯೆಂದು ಘೋಷಿಸಿದರು. ಒಳಗೆ ಗೋಡೆಯ ತುಂಬ ಚಾಂಪಿಯನ್ನರು ಹರಕೆಯಂತೆ ಒಪ್ಪಿಸಿದ ಸೈಕಲ್ಲುಗಳು. ಆಯುಧಪೂಜೆಯ ದಿನ ಸೈಕಲ್ಲಿಗೆ ವಿಭೂತಿ ಬಳಿದು, ಚಕ್ರದಡಿ ನಿಂಬೆಹಣ್ಣು ಇಟ್ಟು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇನ್ನೊಂದು ಕಥೆ. ಟಸ್ಕನಿಯ ಬಿಳಿ ದಾರಿಗಳಿಗೆ ಒಂದೊಂದಾಗಿ ಡಾಂಬರು ಬೀಳುತ್ತಿದ್ದಾಗ, 1997ರಲ್ಲಿ ಗಾಯೊಲೆ ಎಂಬ ಸಣ್ಣ ಊರಿನಲ್ಲಿ ಕೆಲವರು ಸೇರಿ 'ಲೆರೊಯಿಕಾ' ಎಂಬ ಸವಾರಿ ಶುರು ಮಾಡಿದರು. 1987ಕ್ಕಿಂತ ಹಿಂದಿನ ಮಾದರಿಯ ಸೈಕಲ್ಲಿನಲ್ಲೇ ಬರಬೇಕು, ಮಣ್ಣು ದಾರಿಯಲ್ಲೇ ಓಡಿಸಬೇಕು ಎಂಬುದು ನಿಯಮ. ಕ್ರಮೇಣ ಜನ ದೇಶ ವಿದೇಶಗಳಿಂದ ಬಂದರು, ಆ ದಾರಿಗಳಿಗೆ ಬೆಲೆ ಬಂತು. 2007ರಿಂದ ಅದೇ ಬಿಳಿ ದಾರಿಗಳ ಹೆಸರಿನಲ್ಲಿ ವೃತ್ತಿಪರರ ದೊಡ್ಡ ಪಂದ್ಯವೂ ನಡೆಯುತ್ತಿದೆ.

ನೋಡುತ್ತಾ ಕೂತವನಿಗೆ ನಮ್ಮ ಕಪಿಲೆಯ ದಂಡೆ ನೆನಪಾಯಿತು. ಹಳೆಯ ಊರು, ಹಳೆಯ ಕಲ್ಲು, ಮಣ್ಣಿನ ದಾರಿ ನಮ್ಮಲ್ಲೂ ಇದೆಯಲ್ಲ. ಆದರೆ ಬೆಟ್ಟ? ಬಸ್ಸಿನ ಕಿಟಕಿಯಲ್ಲಿ ನೋಡಿದವರಿಗೆ ಈ ಸೀಮೆ ಹಾಸಿದ ಚಾಪೆಯಂತೆ ಕಾಣುತ್ತದೆ. ಅದು ಚಪ್ಪಟೆಯಲ್ಲ ಎಂದು ಗೊತ್ತಾಗುವುದು ತುಳಿಯಲು ಕೂತ ಮೇಲೆ.

ತ್ರಿಕೋನದ ಮೂರನೆಯ ಗೆರೆ

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ನಂಜನಗೂಡು ಸುಮಾರು 660. ನಡುವಿನ ದೂರ ಇಪ್ಪತ್ತೈದು ಕಿಲೋಮೀಟರು. ನೂರು ಮೀಟರ್ ಇಳಿತ ಅಷ್ಟು ದೂರಕ್ಕೆ ಹಂಚಿಹೋಗಿ ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಪೆಡಲ್ ಹಗುರವಾಗುತ್ತದೆ, ಸವಾರನಿಗೆ ತನ್ನ ಶಕ್ತಿಯ ಬಗ್ಗೆ ಸುಳ್ಳು ಅಭಿಪ್ರಾಯ ಮೂಡುತ್ತದೆ. ಆ ಅಭಿಪ್ರಾಯದೊಂದಿಗೇ ನಾನು ಕಪಿಲಾ ನದಿ ಮುಟ್ಟಿದ್ದೆ.

ಅಲ್ಲಿ ಹೊಸ ಸೇತುವೆಗಳ ಪಕ್ಕದಲ್ಲಿ ಹಳೆಯ ಕಲ್ಲುಸೇತುವೆ ಇದೆ. 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ್ದು. ಗಾಡಿ, ದಂಡು, ಯಾತ್ರಿಕರು ಓಡಾಡಲೆಂದು ಕಟ್ಟಿದ ಅದೇ ಕಂಬಗಳ ಮೇಲೆ ಒಂದೂವರೆ ಶತಮಾನದ ಬಳಿಕ ರೈಲೂ ಓಡಿತು. ಕಟ್ಟಿದವರ ಕನಸಿನಲ್ಲೂ ಇರದಿದ್ದ ಭಾರವನ್ನು ಆ ಕಂಬಗಳು ಸದ್ದಿಲ್ಲದೆ ಹೊತ್ತವು.

ಊರೊಳಗೆ ಶ್ರೀಕಂಠೇಶ್ವರನ ಏಳು ನೆಲೆಯ ಗೋಪುರ, ಸುಮಾರು 120 ಅಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1845ರಲ್ಲಿ ಎದ್ದದ್ದು. ಪಟ್ಟದಾನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಸುಲ್ತಾನ್ ಈ ದೇವರನ್ನು ಹಕೀಂ ನಂಜುಂಡ ಎಂದು ಕರೆದು ಪಚ್ಚೆಯ ಲಿಂಗ ಕೊಟ್ಟ ಎನ್ನುವ ಕಥೆ ಇಲ್ಲಿ ಎಲ್ಲರ ಬಾಯಲ್ಲಿದೆ. ವೈದ್ಯ ದೇವರ ಊರಿನಲ್ಲೇ ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ತೆರೆದರು. ನಂಜನಗೂಡು ಹಲ್ಲುಪುಡಿ ಮನೆಮನೆಯ ಬಚ್ಚಲಿಗೆ ಹೋಯಿತು. ಸೈಕಲ್ಲಿನವರಿಗೆ ಬೇಕಾದ ಮದ್ದು ಬಾಳೆಹಣ್ಣು. ಜೇಬಿಗೆ ಎರಡು ರಸಬಾಳೆ ಹಾಕಿಕೊಳ್ಳೋಣವೆಂದು ಗಾಡಿಯವರನ್ನು ಕೇಳಿದೆ. "ರಸಬಾಳೆ ಎಲ್ಲಿ ಸಾ, ಏಲಕ್ಕಿ ತಕ್ಕೊಳಿ" ಎಂದರು. ಭೌಗೋಳಿಕ ಗುರುತು ಪಡೆದ ಹಣ್ಣು ತನ್ನೂರಿನಲ್ಲೇ ಅಪರೂಪವಾಗಿದೆ. ಗಿಡವನ್ನು ಬೇರಿನಿಂದ ಒಣಗಿಸುವ ಪನಾಮಾ ಸೊರಗುರೋಗಕ್ಕೆ ತೋಟಗಳು ಸೋತವು.

ನಂಜನಗೂಡಿನಿಂದ ನರಸೀಪುರಕ್ಕೆ ಹೋಗಲು ಹೆದ್ದಾರಿ ಹಿಡಿದರೆ ಮೈಸೂರಿಗೇ ವಾಪಸ್ಸು ಬರಬೇಕು. ಕೋಳಿಕ್ಕೋಡಿನಿಂದ ಗುಂಡ್ಲುಪೇಟೆ, ನಂಜನಗೂಡು ದಾಟಿ ಬರುವ 766ನೇ ಹೆದ್ದಾರಿ ಮೈಸೂರು ಮುಟ್ಟಿ, ಅಲ್ಲಿಂದ ನರಸೀಪುರ, ಕೊಳ್ಳೇಗಾಲದ ಕಡೆ ತಿರುಗುತ್ತದೆ. ತ್ರಿಕೋನದ ಎರಡು ಗೆರೆ ಹೆದ್ದಾರಿಯದು. ಮೂರನೆಯ ಗೆರೆ ಕಪಿಲೆಯದು. ನದಿಯ ಜೊತೆಜೊತೆಗೆ ಸುತ್ತೂರಿನ ಮೇಲೆ ಹೋಗುವ ಮೂವತ್ತೈದು ಕಿಲೋಮೀಟರಿನಷ್ಟು ಹಳ್ಳಿ ದಾರಿ ಅದು. ಬೆಂಗಳೂರಿನ ಸಂಘಟಕರು 2008ರಲ್ಲಿ ಶುರು ಮಾಡಿದ 'ಟೂರ್ ಆಫ್ ನೀಲಗಿರೀಸ್' ಸವಾರರಂಥವರಿಗೆ ಈ ಕಡೆಯ ಸೆಳೆತ ದಕ್ಷಿಣಕ್ಕೆ, ಊಟಿಯ ಕಲ್ಲಹಟ್ಟಿ ಘಾಟಿನ 36 ಹೇರ್‌ಪಿನ್ ತಿರುವುಗಳಿಗೆ. ನಾನು ಪೂರ್ವಕ್ಕೆ ತಿರುಗಿದೆ.

ಹುಂಡಿ ಮೇಲೆ, ಗದ್ದೆ ಕೆಳಗೆ

ದಾರಿಯಲ್ಲಿ ಹಬ್ಬದ ಗುರುತು ಇನ್ನೂ ಹಸಿಯಾಗಿತ್ತು. ಹಿಂದಿನ ಸಂಜೆ ಕಿಚ್ಚು ಹಾಯಿಸಿದ ಕಡೆಯಲ್ಲೆಲ್ಲ ರಸ್ತೆಗೆ ಅಡ್ಡವಾಗಿ ಕರಿ ಬೂದಿಯ ಪಟ್ಟೆ. ಅರಿಶಿನ ಬಳಿದ ಎತ್ತುಗಳು, ಅರಿಶಿನದ ಕುರಿಗಳು, ಒಂದು ಕಡೆ ಅರಿಶಿನದ ನಾಯಿಯೂ.

ಇಲ್ಲೇ ಮೊಣಕಾಲಿನ ಪಾಠ ಶುರುವಾದದ್ದು. ಅರ್ಧ ಕಿಲೋಮೀಟರು ಏರು, ಅರ್ಧ ಕಿಲೋಮೀಟರು ಇಳಿವು, ಮತ್ತೆ ಏರು. ಯಾವುದೂ ದೊಡ್ಡದಲ್ಲ, ಗೇರು ಬದಲಿಸುವಷ್ಟು ಮಾತ್ರ. ಐದಾರು ಏರಿಳಿತ ಕಳೆದ ಮೇಲೆ ಲೆಕ್ಕ ಹೊಳೆಯಿತು. ಇಳಿವಿನ ಕೊನೆಗೆ ಪ್ರತಿಸಲವೂ ಹಳ್ಳವೋ ಕೆರೆಯೋ ಕಾಲುವೆಯೋ ಇರುತ್ತದೆ, ಅದರ ಪಕ್ಕ ಬತ್ತದ ಗದ್ದೆ, ತೆಂಗು, ಒಂದು ಹಳೆಯ ಗುಡಿ. ಗಾಳಿ ತಣ್ಣಗಾಗುತ್ತದೆ. ಏರಿನ ತುದಿಯಲ್ಲಿ ರಾಗಿ, ಹುರುಳಿಯ ಹೊಲ, ಬೇಲಿಯ ಕಳ್ಳಿ, ಕುರಿಮಂದೆ, ಒಂದು ಸಣ್ಣ ಹುಂಡಿ. ಮೈಸೂರು ಸೀಮೆಯಲ್ಲಿ ಹುಂಡಿ ಎಂದು ಮುಗಿಯುವ ಊರಿನ ಹೆಸರುಗಳು ಲೆಕ್ಕವಿಲ್ಲದಷ್ಟಿವೆ. ನಾನು ಕಂಡ ದಾರಿಯಲ್ಲಿ ಅವು ಹೆಚ್ಚಾಗಿ ಒಣನೆಲದ ದಿಬ್ಬದ ಮೇಲಿದ್ದವು. ಪುರ, ಅಗ್ರಹಾರ, ಮಠಗಳೆಲ್ಲ ನೀರಿನ ಹತ್ತಿರ.

ಇಟಲಿಯ ವಿಡಿಯೊಗಳು ತಲೆಕೆಳಗಾದದ್ದು ಆಗ. ಅಲ್ಲಿ ಚರಿತ್ರೆ ನೋಡಲು ಹತ್ತಬೇಕು. ಈ ಬತ್ತದ ಸೀಮೆಯಲ್ಲಿ ಇಳಿಯಬೇಕು. ಅಲ್ಲಿ ಊರು ಕಟ್ಟುವವರು ಶತ್ರು ಎಲ್ಲಿಂದ ಬರುತ್ತಾನೆ ಎಂದು ನೋಡಿದರು, ಇಲ್ಲಿಯವರು ನೀರು ಎಲ್ಲಿ ನಿಲ್ಲುತ್ತದೆ ಎಂದು. ದತ್ತಿ ಕೊಟ್ಟದ್ದೂ ಪಡೆದದ್ದೂ ಬಹುಪಾಲು ನೀರು ಹರಿಯುವ ನೆಲವೇ. ನೀರು ಯಾರಿಗೆ, ದಿಬ್ಬ ಯಾರಿಗೆ ಎನ್ನುವ ಇನ್ನೊಂದು ಕಥೆಯೂ ಇದರ ಜೊತೆಗೇ ಸಾಗುತ್ತದೆ. ಇದೇ ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಹುಟ್ಟಿದ ದೇವನೂರ ಮಹಾದೇವ ಈ ಸೀಮೆಯ ಮಾತಿನಲ್ಲೇ 'ಕುಸುಮಬಾಲೆ' ಬರೆದರು. ಊರು ಮತ್ತು ಕೇರಿಯ ನಡುವಿನ ಅಂತರವನ್ನು ಅಳೆಯಲು ಸೈಕಲ್ಲಿನ ಮೀಟರು ಸಾಲದು ಎಂದು ಅದನ್ನು ಓದಿದವರಿಗೆ ಗೊತ್ತು.

ಏರಿಳಿತ ತಪ್ಪಿಸಿಕೊಳ್ಳಲು ಒಂದು ಉಪಾಯವಿದೆ: ನಾಲೆಯ ಏರಿ. ಕಪಿಲೆಗೆ, ಅಂದರೆ ಕಬಿನಿಗೆ, ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿದ ಮೇಲೆ ಅದರ ಬಲದಂಡೆ ನಾಲೆ ಈ ಕಡೆಯ ದಿಬ್ಬಗಳನ್ನು ಬಳಸಿಕೊಂಡು ಬಂತು. ನಾಲೆ ನೆಲದ ಎತ್ತರವನ್ನು ಹಿಡಿದೇ ಸಾಗಬೇಕು, ಇಲ್ಲದಿದ್ದರೆ ನೀರು ಮುಂದೆ ಹರಿಯುವುದಿಲ್ಲ. ಹಾಗಾಗಿ ಏರಿಯ ಮೇಲಿನ ಮಣ್ಣುದಾರಿ ಗುಡ್ಡ ಬಂದರೆ ಸುತ್ತಿಕೊಂಡು, ತಗ್ಗು ಬಂದರೆ ಬಳಸಿಕೊಂಡು ಹೋಗುತ್ತದೆ. ಏರಿಯ ಮೇಲೆ ಏರೇ ಇಲ್ಲ. ಒಂದು ಕಡೆ ನೀರು, ಒಂದು ಕಡೆ ಕಬ್ಬು, ಎದುರಿಗೆ ಬಟ್ಟೆ ಒಗೆಯುವವರು, ಮೀನಿಗೆ ಕಾದ ಮಿಂಚುಳ್ಳಿ. ಟಸ್ಕನಿಯ ಬಿಳಿ ದಾರಿಗೆ ನಮ್ಮಲ್ಲಿ ಜೋಡಿ ಹುಡುಕಿದರೆ ಇದೇ ಸಿಗುತ್ತದೆ, ಬಣ್ಣ ಮಾತ್ರ ಕೆಂಪು.

ಡಾಂಬರು ದಾರಿಗೆ ಮರಳಿದ ಮೇಲೆ ನನ್ನ ಅಹಂಕಾರ ಇಳಿಸುವ ಕೆಲಸವನ್ನು ಹುರುಳಿ ಮಾಡಿತು. ಈ ಕಾಲದಲ್ಲಿ ಹಳ್ಳಿ ರಸ್ತೆಯೇ ಕಣ. ಹುರುಳಿ ಸೊಪ್ಪನ್ನು ರಸ್ತೆಯುದ್ದಕ್ಕೂ ಹಾಸಿದ್ದರು. ಪಕ್ಕಕ್ಕೆ ಜಾಗ ಕಾಣದೆ ಮೇಲೆಯೇ ಹಾಯಿಸಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಹಿಂಬದಿಯ ಗೇರಿಗೆ ಬಳ್ಳಿ ಸುತ್ತಿಕೊಂಡು ಚೈನು ಕಚ್ಚಿ ನಿಂತಿತು. ಪಾದ ಪೆಡಲಿನಿಂದ ಬಿಡಿಸಿಕೊಳ್ಳುವ ಮೊದಲೇ ಸೊಪ್ಪಿನ ಮೇಲೆ ಮೆತ್ತಗೆ ಒರಗಿದೆ.

"ಹಿಂದಕ್ ತುಳೀಬ್ಯಾಡ ಮಗ, ಇನ್ನೂ ಸುತ್ಕತದ" ಎನ್ನುತ್ತಾ ಅಜ್ಜಿಯೊಬ್ಬರು ಬಂದರು. ಸೈಕಲ್ಲನ್ನು ಪಕ್ಕದ ಮೋರಿಯ ಕಟ್ಟೆಗೆ ಒರಗಿಸಿಕೊಂಡು ಕುಕ್ಕರುಗಾಲಲ್ಲಿ ಕೂತರು. ಕುಡುಗೋಲಿನ ತುದಿಯನ್ನು ಗೇರಿನ ಹಲ್ಲುಗಳ ನಡುವೆ ತೂರಿಸಿ, ತಲೆಯ ಸಿಕ್ಕು ಬಿಡಿಸುವ ಹಾಗೆ ಒಂದೊಂದೇ ಎಳೆ ಎಳೆದರು. ಎಳೆದ ಬಳ್ಳಿಯನ್ನು ಬಿಸಾಡಲಿಲ್ಲ. ಅದರಲ್ಲಿ ಉಳಿದಿದ್ದ ಕಾಯಿಗಳನ್ನು ಉಗುರಿನಿಂದ ಬಿಡಿಸಿ, ಚೈನಿನ ಎಣ್ಣೆ ಮೆತ್ತಿದ ಕಾಳುಗಳನ್ನು ಸೆರಗಿನಲ್ಲಿ ಒರೆಸಿ ರಾಶಿಯ ಕಡೆ ಎಸೆದರು. ನಿಮ್ಮ ಕಣದ ಮೇಲೆ ಸೈಕಲ್ ಹಾಯಿಸಿದೆ, ತಪ್ಪಾಯಿತು ಎಂದೆ. ಅಜ್ಜಿ ಟೈರು ನೋಡಿ ನಕ್ಕರು. "ಹಾಯ್ಸಪ್ಪ, ಅದ್ಕೇನ. ಆದ್ರ ನಿನ್ ಟೈರ್ಗೆ ನಮ್ ಹುಳ್ಳಿ ಬುಡಲ್ಲ, ಬಸ್ಸೇ ಬರಬೇಕು."

ಸುತ್ತೂರಿಗೂ ಇಳಿದೇ ಹೋಗಬೇಕು. ಕಪಿಲೆಯ ದಂಡೆಯ ಈ ಊರಿನ ಮಠದ ಪರಂಪರೆ ಸಾವಿರ ವರ್ಷದಷ್ಟು ಹಳೆಯದೆಂದು ಎಣಿಸುತ್ತಾರೆ. ಚಳಿಗಾಲದ ಜಾತ್ರೆಯ ಸಿದ್ಧತೆಗೆ ಚಪ್ಪರದ ಗಳ ಇಳಿಸುತ್ತಿದ್ದರು. ಕುಸ್ತಿ, ದನಗಳ ಪರಿಷೆ, ಸಾಮೂಹಿಕ ವಿವಾಹ, ಎಲ್ಲವೂ ಒಂದೇ ಬಯಲಿನಲ್ಲಿ ನಡೆಯುವ ಜಾತ್ರೆ ಅದು. ಇದೇ ಸೀಮೆಯ ಹದಿನಾರು ಗ್ರಾಮದ ಹೆಸರು ಮೈಸೂರು ಅರಸರ ಮೂಲಕಥೆಯಲ್ಲಿ ಬರುತ್ತದೆ. 1399ರಲ್ಲಿ ಯದುರಾಯ, ಕೃಷ್ಣರಾಯ ಎಂಬ ಅಣ್ಣತಮ್ಮಂದಿರು ಬಂದು ಹದಿನಾಡು ಎಂದೂ ಕರೆಸಿಕೊಂಡ ಆ ಊರಿನ ರಾಜಕುಮಾರಿಯನ್ನು ಕಾರುಗಹಳ್ಳಿಯ ಮಾರನಾಯಕನಿಂದ ಕಾಪಾಡಿದರು ಎಂಬ ಕಥೆ. ಆ ಊರಿನ ಕೆರೆಗೆ ಈಗಲೂ ಪ್ರತಿ ಚಳಿಗಾಲ ದೂರದ ಅತಿಥಿಗಳು ಬರುತ್ತಾರೆ. ಹಿಮಾಲಯವನ್ನು ಹಾರಿ ದಾಟುವ ಪಟ್ಟೆತಲೆ ಹೆಬ್ಬಾತುಗಳು. ರಾತ್ರಿಯೆಲ್ಲ ಗದ್ದೆಯಲ್ಲಿ ಮೇಯ್ದು ಹಗಲು ನೀರಿನ ಮೇಲೆ ತೂಕಡಿಸುತ್ತಾ ಕೂತಿದ್ದವು. ನೂರು ಮೀಟರ್ ಇಳಿದು ಬಂದೆನೆಂದು ಬೀಗುತ್ತಿದ್ದವನು ಸುಮ್ಮನಾದೆ.

ಮಣ್ಣಿನ ತಲೆದಿಂಬು

ತಿರುಮಕೂಡಲು ಎಂದರೆ ಮೂರು ಕೂಡುವ ಜಾಗ. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ. ಕಪಿಲೆಯ ದಂಡೆಯಲ್ಲಿ ನಾನು ಇಳಿದ ಇಳಿವೆಲ್ಲ ಬಂದು ನಿಲ್ಲುವ ತಳವೂ ಇದೇ. ಒಂದು ದಡದಲ್ಲಿ ಗುಂಜಾ ನರಸಿಂಹ, ಎದುರು ದಡದಲ್ಲಿ ಅಗಸ್ತ್ಯೇಶ್ವರ. ನರಸಿಂಹನ ಕೈಯಲ್ಲಿ ಒಂದು ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿಯಷ್ಟು ತೂಕ ಹೆಚ್ಚು ಎಂದು ಅದರ ಅರ್ಥ ಹೇಳುತ್ತಾರೆ. ಸೈಕಲ್ಲಿನ ತೂಕವನ್ನು ಗ್ರಾಂ ಲೆಕ್ಕದಲ್ಲಿ ಕಳೆಯುತ್ತಾ ಕೂರುವ ನಮ್ಮಂಥವರಿಗೆ ಈ ದೇವರು ಹತ್ತಿರದವನು. 1989ರಿಂದ ಇಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಸುವ ಪದ್ಧತಿ ಶುರುವಾಯಿತು; 2025ರ ಫೆಬ್ರುವರಿಯಲ್ಲೂ ನಡೆಯಿತು.

ಕೂಡಲಿಗೆ ಜನ ಬಂದದ್ದು ದೇವರಿಗಿಂತ ಬಹಳ ಮೊದಲು. 1960ರ ಆಸುಪಾಸಿನಲ್ಲಿ ಡಾ. ಎಂ. ಶೇಷಾದ್ರಿ ಅವರ ನೇತೃತ್ವದಲ್ಲಿ ಇಲ್ಲಿ ಉತ್ಖನನ ನಡೆದಾಗ ನವಶಿಲಾಯುಗದ ನೆಲೆ ಸಿಕ್ಕಿತು. ನುಣುಪು ಮಾಡಿದ ಕಲ್ಲಿನ ಕೊಡಲಿ, ಮಡಕೆಗಳ ಜೊತೆ ಒಂದು ವಿಚಿತ್ರ ವಸ್ತುವೂ ಇತ್ತು: ಸುಟ್ಟ ಮಣ್ಣಿನ ತಲೆದಿಂಬು. ಈಜಿಪ್ಟಿನಲ್ಲಿ ಸಿಗುವಂಥ ದಿಂಬನ್ನು ಹೋಲುತ್ತದೆಂದು ವಿದ್ವಾಂಸರು ಅದರ ಬಗ್ಗೆ ಬರೆದರು. ಸೇತುವೆಯ ತಡೆಗೋಡೆಗೆ ಸೈಕಲ್ ಒರಗಿಸಿ, ಏಲಕ್ಕಿ ಬಾಳೆ ಸುಲಿಯುತ್ತಾ, ಬೆನ್ನು ನೋವಿನ ನಡುವೆ ನನಗೆ ಆ ದಿಂಬಿನದೇ ಯೋಚನೆ. ಕೊಡಲಿಯನ್ನು ಹೊಟ್ಟೆಪಾಡಿಗೆ ಮಾಡಿರಬಹುದು. ಕತ್ತಿಗೆ ಹಿತವಾಗಲಿ ಎಂದು ಮಣ್ಣು ಮಿದ್ದು ಬೆಂಕಿಯಲ್ಲಿ ಸುಟ್ಟವರಿಗೆ ಈ ಎರಡು ಹೊಳೆಗಳ ನಡುವೆ ನಾಳೆಯ ನೀರಿನ ಚಿಂತೆ ಇದ್ದಂತಿಲ್ಲ.

ಇದೇ ಊರಿನಲ್ಲಿ ಮೈಸೂರು ಸಿಲ್ಕ್ ಸೀರೆಗೆ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಸರ್ಕಾರಿ ಕಾರ್ಖಾನೆ ಇದೆ. ನೇಯುವುದು ಮೈಸೂರಿನಲ್ಲಿ, ಹೆಸರೂ ಮೈಸೂರಿನದೇ.

ಒಂದು ಬೆಟ್ಟ, ಒಂದು ಮರಳಗುಂಡಿ

ಇಳಿದರೆ ಚರಿತ್ರೆ ಎಂಬ ನನ್ನ ಸೂತ್ರಕ್ಕೆ ಮುಡುಕುತೊರೆ ಅಡ್ಡ ನಿಂತಿತು. ಕಾವೇರಿ ತಿರುವು ತೆಗೆದುಕೊಳ್ಳುವ ಕಡೆ ಒಂಟಿಯಾಗಿ ಎದ್ದ ಬೆಟ್ಟ, ನೆತ್ತಿಯಲ್ಲಿ ಮಲ್ಲಿಕಾರ್ಜುನ. ತಲಕಾಡಿನ ಪಂಚಲಿಂಗಗಳಲ್ಲಿ ಒಂದು. ಕಡಿಮೆ ಗೇರಿಗೆ ಹಾಕಿ, ಹ್ಯಾಂಡಲ್ಲಿನ ಮೇಲೆ ಬಗ್ಗಿ ಹತ್ತಿದೆ. ಮೇಲಿನಿಂದ ನೋಡಿದರೆ ಸೂತ್ರ ಮುರಿಯಲಿಲ್ಲ, ಪಟವಾಗಿ ಕಂಡಿತು. ಕಾವೇರಿಯ ಬಳಕು, ಅದರ ಎರಡೂ ಬದಿಗೆ ಹಸಿರು, ಹಸಿರಿನ ಅಂಚಿಗೆ ಸರಿಯಾಗಿ ಕತ್ತರಿಸಿದಂತೆ ಶುರುವಾಗುವ ಕಂದು ನೆಲ. ಊರುಗಳೆಲ್ಲ ಅಂಚಿನಲ್ಲಿ ಸಾಲುಗಟ್ಟಿದ್ದವು. ಮೇಲೆ ದೇವರನ್ನು ಕೂರಿಸಿ ಜನ ಕೆಳಗೇ ಉಳಿದಿದ್ದರು.

ತಲಕಾಡಿನಲ್ಲಿ ನನ್ನ ಸೈಕಲ್ಲಿಗೆ ಪ್ರವೇಶವಿಲ್ಲ. ಯಾರೂ ತಡೆಯಲಿಲ್ಲ, ಮರಳೇ ತಡೆಯಿತು. ಎರಡು ಬೆರಳಿನ ಅಗಲವೂ ಇಲ್ಲದ ಟೈರು ಅಚ್ಚಿನವರೆಗೂ ಹೂತುಕೊಳ್ಳುವಂತಿತ್ತು. ಹೂವಿನ ಅಂಗಡಿಯ ಕಂಬಕ್ಕೆ ಒರಗಿಸಿ, ಶೂ ಕಳಚಿ ನಡೆದೆ. ಗಂಗರ ರಾಜಧಾನಿಯಾಗಿ ಶತಮಾನಗಳ ಕಾಲ ಮೆರೆದ ಪಟ್ಟಣ ಇದು. ಹನ್ನೊಂದನೇ ಶತಮಾನದ ಆರಂಭದಲ್ಲಿ ಚೋಳರ ಪಾಲಾಯಿತು. 1116ರ ಹೊತ್ತಿಗೆ ಹೊಯ್ಸಳ ವಿಷ್ಣುವರ್ಧನ ಅವರನ್ನು ಸೋಲಿಸಿ ತಲಕಾಡುಗೊಂಡ ಎಂಬ ಬಿರುದು ಹೊತ್ತ. ಆ ಗೆಲುವಿನ ನೆನಪಿಗೆ ಎದ್ದದ್ದು ಕೀರ್ತಿನಾರಾಯಣನ ಗುಡಿ. ಗೆದ್ದ ಕೀರ್ತಿಯನ್ನು ನೋಡಲು ಇಂದು ಮರಳ ದಿಬ್ಬದ ನಡುವಿನ ಗುಂಡಿಗೆ ಇಳಿಯಬೇಕು. ಪಾತಾಳೇಶ್ವರ ಹೆಸರಿಗೆ ತಕ್ಕಂತೆ ಇನ್ನೂ ಕೆಳಗೆ.

ಶ್ರೀರಂಗಪಟ್ಟಣದ ಅಲಮೇಲಮ್ಮ ಒಡವೆಗಳೊಂದಿಗೆ ಮಾಲಂಗಿಯ ಮಡುವಿಗೆ ಹಾರುವ ಮುನ್ನ ತಲಕಾಡು ಮರಳಾಗಲೆಂದು ಶಪಿಸಿದ ಕಥೆ ಕನ್ನಡಿಗರಿಗೆ ಹೊಸದಲ್ಲ. ವಿಜ್ಞಾನದ ಕಡೆಯವರು ಇನ್ನೊಂದು ಕಾರಣ ಮುಂದಿಡುತ್ತಾರೆ. ಹದಿನಾಲ್ಕನೇ ಶತಮಾನದಲ್ಲಿ ವಿಜಯನಗರದ ಮಾಧವಮಂತ್ರಿಯ ಹೆಸರಿನ ಅಣೆಕಟ್ಟೆ ಕಾವೇರಿಗೆ ಅಡ್ಡವಾಗಿ ಬಂತು. ನದಿಯ ಹರಿವು ತಗ್ಗಿ ಪಾತ್ರದ ಮರಳು ಬಯಲಾಯಿತು. ಬೇಸಿಗೆಯ ಗಾಳಿ ಅದನ್ನು ವರ್ಷವರ್ಷವೂ ಊರಿನ ಮೇಲೆ ತಂದು ಸುರಿಯಿತು. ಹಾಗಾದರೆ ಕೆಳಗಿನ ಗದ್ದೆಗಳನ್ನು ಹಸಿರು ಮಾಡಿದ ಕಟ್ಟೆಯೇ ಗುಡಿಗಳನ್ನು ಮುಚ್ಚಿತು. ನೀರಿಗೆಂದು ಕೆಳಗೆ ಕಟ್ಟಿದ ಊರು ಅದಕ್ಕೆ ತೆತ್ತ ಸುಂಕ ಇದು.

ಸಂಜೆ ಹೊಳೆಯ ದಡದಲ್ಲಿ ಹರಿಗೋಲಿನವರು ಕೊನೆಯ ಸುತ್ತಿಗೆ ಕೂಗುತ್ತಿದ್ದರು. ಎಣ್ಣೆಯಲ್ಲಿ ಮೀನು ಚುರುಗುಟ್ಟುತ್ತಿತ್ತು. ರಾತ್ರಿ ಅಲ್ಲೇ ಉಳಿದೆ. ಶೂ ಝಾಡಿಸಿದಷ್ಟೂ ಮರಳು ಉದುರಿತು.

ಹೆಸರು ಕೆತ್ತಿದವನು

ಎರಡನೆಯ ದಿನದ ಬೆಳಗು ಮಂಜು. ಸೋಮನಾಥಪುರಕ್ಕೆ ಸೇರುವ ಹೊತ್ತಿಗೆ ಬಿಸಿಲು ಏರಿ, ಕೇಶವ ದೇವಾಲಯದ ಮೂರೂ ಶಿಖರ ಒಟ್ಟಿಗೆ ಹೊಳೆಯುತ್ತಿದ್ದವು. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಹದಿಮೂರನೇ ಶತಮಾನದಲ್ಲಿ ತನ್ನ ಹೆಸರಿನ ಅಗ್ರಹಾರ ಮಾಡಿ ಕಟ್ಟಿಸಿದ ಗುಡಿ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸ್ಯಾನ್ ಜಿಮಿನ್ಯಾನೊದ ಗೋಪುರಗಳು ಎದ್ದದ್ದೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ. ಅಲ್ಲಿಯ ಶ್ರೀಮಂತ ಮನೆತನಗಳು ಒಬ್ಬರನ್ನೊಬ್ಬರು ಮೀರಿಸಲು ಎತ್ತರಕ್ಕೆ ಕಟ್ಟಿದವು. ಇಲ್ಲಿಯವರು ಬಳಪದ ಕಲ್ಲನ್ನು ಕೈಗೆ ಎಟಕುವ ಎತ್ತರದಲ್ಲೇ ಇಟ್ಟುಕೊಂಡು ಒಳಗೊಳಗೆ ಕೊರೆಯುತ್ತಾ ಹೋದರು. ದಾರಿಯ ಮೇಲಿನಿಂದ ಗುಡಿ ದೊಡ್ಡದಾಗಿ ಕಾಣುವುದಿಲ್ಲ. ಬಾಗಿಲು ದಾಟಿ, 64 ಕಿರುಗುಡಿಗಳ ಸಾಲಿನ ನಡುವೆ ನಿಂತ ಮೇಲೆಯೇ ಅದರ ಅಳತೆ ಸಿಗುವುದು.

ನಕ್ಷತ್ರದ ಆಕಾರದ ಜಗತಿಯ ಮೇಲೆ ಸುತ್ತು ಹಾಕುತ್ತಾ ವಿಗ್ರಹಗಳ ಪೀಠ ನೋಡಬೇಕು. ಹಲವು ಕಡೆ ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರಿದೆ. ದತ್ತಿ ಕೊಟ್ಟವರ, ಪಡೆದವರ ಹೆಸರು ಶಾಸನದಲ್ಲಿ ಇರುವುದು ಮಾಮೂಲು. ಉಳಿ ಹಿಡಿದವನೂ ಇಲ್ಲಿ ತನ್ನ ಹೆಸರು ಬಿಟ್ಟುಹೋಗಿದ್ದಾನೆ. ಕೆರೆಯ ಮಣ್ಣು ಹೊತ್ತವರಿಗೆ, ಕಾಲುವೆ ತೋಡಿದವರಿಗೆ ಆ ಅವಕಾಶ ಸಿಗಲಿಲ್ಲ. ಅವರ ಕೆಲಸ ಇನ್ನೂ ನಡೆಯುತ್ತಿದೆ, ಗುಡಿಯ ಸುತ್ತ ಗದ್ದೆಗೆ ನೀರು ಹಾಯುತ್ತಿತ್ತು.

ಈ ದಾರಿ ಯಾರದು

ಈ ದಾರಿಗಳಲ್ಲಿ ಸೈಕಲ್ಲು ವಿಹಾರದ ಸಾಧನವಾಗಿ ಬಂದದ್ದಲ್ಲ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಎಳನೀರಿನ ಗೊನೆ ಹೊತ್ತು ಬಂತು. ನಮ್ಮ ತಲೆಮಾರಿನವರು ಗಂಟೆ ಬಾಡಿಗೆಯ ಸೈಕಲ್ಲಿನ ಬಾರಿನ ಸಂದಿಯಲ್ಲಿ ಕಾಲು ತೂರಿಸಿ, ಮಂಡಿ ತರಚಿಕೊಂಡು ಕಲಿತೆವು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಹಳ್ಳಿಯ ಹುಡುಗಿಯರು ಗುಂಪುಗುಂಪಾಗಿ ಪಕ್ಕದೂರಿನ ಹೈಸ್ಕೂಲಿಗೆ ತುಳಿದರು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. 2017ರಲ್ಲಿ ಮೈಸೂರು ನಗರ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ ತಂದು ದೇಶಕ್ಕೇ ಮಾದರಿ ಎನಿಸಿಕೊಂಡಿತು. ಅದರ ಬೆಲ್ಲಿನ ಸದ್ದು ಊರ ಗಡಿ ದಾಟಿ ನಂಜನಗೂಡಿನ ಕಡೆ ಇಳಿಯಲಿಲ್ಲ.

ಇಟಲಿಯವರಿಂದ ಏನಾದರೂ ತರಬೇಕೆಂದರೆ ಗಾಯೊಲೆಯವರ ಯೋಚನೆ ತರಬಹುದು. ನಾಲೆಯ ಏರಿಗಳನ್ನು ಮಣ್ಣಾಗಿಯೇ, ಗುಂಡಿಯಿಲ್ಲದಂತೆ ಇಟ್ಟುಕೊಂಡರೆ, ನಂಜನಗೂಡಿನ ಹಳೇ ಸೇತುವೆಯಿಂದ ಸೋಮನಾಥಪುರದ ತನಕ ನಾಲ್ಕು ಕೈಮರ ನೆಟ್ಟರೆ ಸಾಕು. ಹಳೆಯ ಸೈಕಲ್ಲಿನಲ್ಲೇ ಬರಬೇಕೆಂಬ ನಿಯಮ ತಂದರೂ ನಮ್ಮಲ್ಲಿ ಅಂಥ ಸೈಕಲ್ಲಿಗೆ ಕೊರತೆಯಿಲ್ಲ. ಅಟ್ಲಾಸ್, ಹರ್ಕ್ಯುಲಿಸ್, ಹೀರೊ ಕಪ್ಪು ಸೈಕಲ್ಲುಗಳು ಎಷ್ಟೋ ಮನೆಯ ಹಿತ್ತಿಲಲ್ಲಿ ಕೋಳಿ ಕೂರುವ ಅಡ್ಡೆಯಾಗಿ ಕಾಯುತ್ತಿವೆ.

ಹೋಗುವವರಿಗೆ ಎರಡು ಮಾತು. ದೀಪಾವಳಿಯಿಂದ ಶಿವರಾತ್ರಿಯ ತನಕ ಒಳ್ಳೆಯ ಕಾಲ. ಬೆಳಕು ಹರಿಯುವಾಗ ಹೊರಟು ಹನ್ನೊಂದರೊಳಗೆ ನೆರಳು ಸೇರಬೇಕು. ಬಣ್ಣ ಬಳಿಯದ ಹಂಪುಗಳು, ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳು ಇಲ್ಲಿಯ ನಿಜವಾದ ಘಾಟಿಗಳು. ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಮನಸ್ಸಿದೆ, ತೆಳು ಟ್ಯೂಬು ಇಲ್ಲ, ಒಂದನ್ನು ಜೊತೆಗಿಟ್ಟುಕೊಳ್ಳಿ. ಹುರುಳಿ ಕಂಡರೆ ಇಳಿದು ತಳ್ಳಿ.

ಬನ್ನೂರು ದಾಟಿ ಕಾವೇರಿಯ ಸೇತುವೆಗೆ ಬಂದಾಗ ಮಧ್ಯಾಹ್ನ. ಮುಂದೆ ಮೈಸೂರಿನ ತನಕ ಒಟ್ಟಾರೆ ಏರು. ನಿನ್ನೆಯಿಂದ ಪುಕ್ಕಟೆಯಾಗಿ ಇಳಿದದ್ದಕ್ಕೆಲ್ಲ ಬಡ್ಡಿ ಕಟ್ಟುವ ಹೊತ್ತು. ನದಿ ಹಿಂದಾಯಿತು, ಗದ್ದೆ ಮುಗಿಯಿತು, ಗಾಳಿ ಬಿಸಿಯಾಯಿತು, ಬೇಲಿಯಲ್ಲಿ ಕಳ್ಳಿ ಕಾಣಿಸಿತು. ಒಂದು ದಿಬ್ಬದ ನೆತ್ತಿಯಲ್ಲಿ ತೊಡೆ ಮುಷ್ಕರ ಹೂಡಿದಾಗ ಎಳನೀರಿನವರೊಬ್ಬರು ಕಂಡರು. ದಪ್ಪ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕಪ್ಪು ಸೈಕಲ್ಲು, ಅದರ ಎರಡೂ ಬದಿಗೆ ನೇತಾಡುವ ಗೊನೆಗಳು. ಸುತ್ತ ಗೋಡೆಯಿಲ್ಲ, ಮರವಿಲ್ಲ. ನನ್ನ ಸೈಕಲ್ಲನ್ನು ಕೈಯಲ್ಲೇ ಹಿಡಿದು ನಿಂತಿದ್ದೆ.

"ಕಾಯಿ ಎಲ್ಲಿಂದ ತರ್ತೀರಿ?" ಎಂದೆ.

"ಕೆಳಗೆ ಹೊಳೆ ಕಡೆ ತೋಟದಿಂದ ಸಾ. ಬೆಳಿಗ್ಗೆ ತಳ್ಕೊಂಡು ಬರ್ತೀನಿ. ಸಾಯಂಕಾಲ ಖಾಲಿ, ಇಳಿಜಾರು."

ಕತ್ತಿಯ ಮೂರು ಏಟಿಗೆ ಕಾಯಿಯ ಬಾಯಿ ತೆರೆದು ಚಾಚಿದರು. ನನ್ನ ಎರಡೂ ಕೈ ಸೈಕಲ್ಲಿನ ಮೇಲಿದ್ದದ್ದನ್ನು ನೋಡಿ, ತಮ್ಮ ಸೈಕಲ್ಲಿನ ಕಡೆ ಗಲ್ಲ ತೋರಿಸಿದರು.

"ಅದಕ್ಕೆ ಒರಗಿಸಿ ಸಾ, ಅದು ಬೀಳಲ್ಲ."